ಅಂಗಡಿಯವರು ತಲೆ ಎತ್ತಿ ನೋಡುವುದನ್ನೂ ಬಿಟ್ಟರೇ?

ಬಿಜೈ ನಿವಾಸಿ:
ಹದಿನಾಲ್ಕು ವರ್ಷ ಹೊರಗಿದ್ದು ಕಳೆದ ವರ್ಷ ಮಂಗಳೂರಿಗೆ ಮರಳಿದವನು ನಾನು. ಸೆಕೆಯೊಂದನ್ನು ಬಿಟ್ಟರೆ ಊರಿನ ಬಗ್ಗೆ ತಕರಾರಿರಲಿಲ್ಲ, ಮೊನ್ನೆ ಶನಿವಾರದವರೆಗೆ.

ಕುಕ್ಕರಿನ ರಬ್ಬರ್ ತರಲು ಮನೆ ಹತ್ತಿರದ ಪಾತ್ರೆ ಅಂಗಡಿಗೆ ಹೋದೆ. ಮಾಲೀಕರು ಗಲ್ಲಾದ ಹಿಂದೆ ಕುಳಿತು ಮೊಬೈಲಿನಲ್ಲಿ ಯಕ್ಷಗಾನ ನೋಡುತ್ತಿದ್ದರು. ಎರಡು ನಿಮಿಷ ನಿಂತೆ. ಕೆಮ್ಮಿದೆ. ತಲೆ ಎತ್ತದೆಯೇ "ಎಂಥದು?" ಎಂದರು. ಐದು ಲೀಟರಿನ ಕುಕ್ಕರಿಗೆ ರಬ್ಬರ್ ಬೇಕು ಎಂದೆ. ಮೊಳೆಗೆ ಸಿಕ್ಕಿಸಿದ್ದ ಗೊಂಚಲಿನಿಂದ ಒಂದನ್ನು ಎಳೆದು ಮೇಜಿನ ಮೇಲೆ ಹಾಕಿದರು, ಹಾಕಿದರು ಎನ್ನುವುದಕ್ಕಿಂತ ಎಸೆದರು ಎನ್ನಬೇಕು. ನೂರ ಇಪ್ಪತ್ತು ರೂಪಾಯಿ. ಬಿಲ್ ಇಲ್ಲ. ಮನೆಗೆ ತಂದು ಕೂರಿಸಿದರೆ ಮುಚ್ಚಳಕ್ಕೂ ರಬ್ಬರಿಗೂ ನಡುವೆ ಕಿರುಬೆರಳು ಆಡುತ್ತದೆ.

ಅರ್ಧ ಗಂಟೆಯೊಳಗೆ ವಾಪಸು ಒಯ್ದೆ. ಅದಕ್ಕೆ ಒಂದು ಹನಿ ನೀರು ತಾಗಿರಲಿಲ್ಲ. ಅವರು ಬಾಯಿ ಬಿಡಲಿಲ್ಲ, ಗೋಡೆಯತ್ತ ಕೈ ತೋರಿಸಿದರು: "ಮಾರಿದ ವಸ್ತುವನ್ನು ಹಿಂದಕ್ಕೆ ಪಡೆಯುವುದಿಲ್ಲ." ನಾನು ಹೊರಡುವಾಗ ಮಾತ್ರ, "ಗೊತ್ತಿಲ್ಲದಿದ್ದರೆ ಕೇಳಿ ತೆಗೆದುಕೊಳ್ಳಬೇಕು" ಎಂದರು. ಕೇಳಿಯೇ ತೆಗೆದುಕೊಂಡದ್ದಲ್ಲವೇ ಮಾರಾಯರೇ!

ನೂರ ಇಪ್ಪತ್ತು ರೂಪಾಯಿಯ ಪ್ರಶ್ನೆಯಲ್ಲ. (ಸುಳ್ಳು. ಸ್ವಲ್ಪ ಅದೂ ಹೌದು.) ಚಿಕ್ಕಂದಿನಲ್ಲಿ ಅಮ್ಮ ಚೀಟಿ ಬರೆದು ನನ್ನನ್ನು ಅಂಗಡಿಗೆ ಕಳುಹಿಸಿದರೆ, ಚೀಟಿಯಲ್ಲಿ ಬರೆಯಲು ಮರೆತ ಹುಣಸೆಹುಳಿಯನ್ನೂ ಅಂಗಡಿಯವರೇ ನೆನಪಿಸಿ ಕಟ್ಟಿಕೊಡುತ್ತಿದ್ದರು. ಈಗ ಏನಾಗಿದೆ? ನಿಮ್ಮ ಕಡೆಯೂ ಹೀಗೆಯೇ?

ಬೂತಾಯಿಪ್ರಿಯ:
ಯಾವ ಪ್ರಸಂಗ ನೋಡುತ್ತಿದ್ದರು?

ಬಿಜೈ ನಿವಾಸಿ:
ಚೆಂಡೆ ಮಾತ್ರ ಕೇಳಿಸಿತು. ನಾನು ರಬ್ಬರಿನ ಚಿಂತೆಯಲ್ಲಿದ್ದೆ.

ಕಲ್ಸಂಕದ ಕಾಯಂ ಗಿರಾಕಿ:
ನಿಮ್ಮ ಅಮ್ಮನ ಚೀಟಿಯಲ್ಲಿ ಇಲ್ಲದ ಹುಣಸೆಹುಳಿಯನ್ನು ಕಟ್ಟಿದ್ದು ಪ್ರೀತಿಗಲ್ಲ, ವ್ಯಾಪಾರಕ್ಕೆ. ನಾನು ಹೀಗೆ ಹೇಳಿದರೆ ಎಲ್ಲರೂ ಬೈಯುತ್ತೀರಿ ಎಂದು ಗೊತ್ತು. ಆದರೂ ಹಳೆಯ ಅಂಗಡಿಗಳನ್ನು ಇಷ್ಟು ಹೊಗಳುವುದು ಬೇಡ. ನಮ್ಮ ಉಡುಪಿಯಲ್ಲಿ ನಾನು ಚಿಕ್ಕವನಿದ್ದಾಗ ಸೀಮೆಎಣ್ಣೆಗೆ ಸಾಲು ನಿಂತಾಗ ಆದ ಮರ್ಯಾದೆ ಇನ್ನೂ ನೆನಪಿದೆ.

ಲೆಕ್ಕದ ಮೇಷ್ಟ್ರು:
ಆ ಬೋರ್ಡಿಗೆ ಹೆದರಬೇಡಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಬಂದ ಮೇಲೆ, ದೋಷವಿರುವ ವಸ್ತುವನ್ನು ಹಿಂದಕ್ಕೆ ಪಡೆಯುವುದಿಲ್ಲ, ಹಣ ಮರಳಿಸುವುದಿಲ್ಲ ಎನ್ನುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ವಾಪಸಿನ ಅವಧಿ ಬರೆದಿದ್ದರೆ ಅಷ್ಟು ದಿನ, ಬರೆಯದಿದ್ದರೆ ಮೂವತ್ತು ದಿನ. ಬಿಲ್ ಕೊಡದಿರುವುದು ಇನ್ನೊಂದು ತಪ್ಪು. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಬಿಜೈ ನಿವಾಸಿ:
ಹಾಗಾದರೆ ನಾನು ಗೆದ್ದೆ!

ಲೆಕ್ಕದ ಮೇಷ್ಟ್ರು:
ನಿಲ್ಲಿ. ನಿಮ್ಮ ರಬ್ಬರಿನಲ್ಲಿ ದೋಷವಿಲ್ಲ, ಅಳತೆ ತಪ್ಪು ಅಷ್ಟೇ. ಹರಿದಿದ್ದರೆ, ಬಿರುಕು ಬಿಟ್ಟಿದ್ದರೆ ಮಾತು ಬೇರೆ. "ನನ್ನ ಕುಕ್ಕರಿಗೆ ಹೊಂದಲಿಲ್ಲ" ಎಂಬುದಕ್ಕೆ ಅದೇ ನಿಯಮವನ್ನು ಹಿಡಿದುಕೊಂಡು ಹೋದರೆ ಕಷ್ಟ. ಬಿಲ್ ಕೊಡದ ತಪ್ಪು ಅವರದ್ದು, ಅದು ನಿಜ. ಆದರೆ ನೀವೂ ಕೇಳಲಿಲ್ಲ.

ಬಿಜೈ ನಿವಾಸಿ:
ಒಂದೇ ನಿಮಿಷದಲ್ಲಿ ಗೆಲ್ಲಿಸಿ ಸೋಲಿಸಿದಿರಿ ಮೇಷ್ಟ್ರೇ.

ಮಣ್ಣಗುಡ್ಡೆ ಅಡುಗೆಮನೆ:
ಲೀಟರ್ ಹೇಳಿ ರಬ್ಬರ್ ತರುವವರು ಗಂಡಸರು ಮಾತ್ರ, ಕ್ಷಮಿಸಿ. ಒಂದೇ ಐದು ಲೀಟರ್ ಎಂದರೂ ಕಂಪನಿಯಿಂದ ಕಂಪನಿಗೆ ಬಾಯಿಯ ಅಳತೆ ಬೇರೆ. ಕೆಲವು ಕಂಪನಿಗಳಲ್ಲಿ ಮೂರು ಲೀಟರಿಗೂ ಐದು ಲೀಟರಿಗೂ ಮುಚ್ಚಳ ಒಂದೇ. ಒಳಮುಚ್ಚಳದ ಕುಕ್ಕರಿಗೂ ಹೊರಮುಚ್ಚಳದ ಕುಕ್ಕರಿಗೂ ರಬ್ಬರ್ ಬೇರೆ ಜಾತಿ. ಹಳೆಯ ರಬ್ಬರನ್ನು ಚೀಲದಲ್ಲಿ ಹಾಕಿಕೊಂಡು ಹೋಗಬೇಕು, ಅಂಗಡಿಯಲ್ಲಿ ಹೊಸದರ ಮೇಲೆ ಇಟ್ಟು ನೋಡಬೇಕು. ಹಳೆಯದು ಬೆಂದು ಬೆಂದು ಸ್ವಲ್ಪ ಹಿಗ್ಗಿರುತ್ತದೆ, ಆದ್ದರಿಂದ ಹೊಸದು ಒಂದು ಎಳೆಯಷ್ಟು ಚಿಕ್ಕದಾಗಿ ಕಂಡರೆ ಅದೇ ಸರಿ. ಕುಚ್ಚಲಕ್ಕಿ ಬೇಯಿಸುವ ಮನೆಯಲ್ಲಿ ರಬ್ಬರ್ ಬಹಳ ದಿನ ಬಾಳುವುದಿಲ್ಲ, ಇದು ಮಂಗಳೂರಿನಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಹೊಸದು ಸಿಗುವವರೆಗೆ ಹಳೆಯದನ್ನು ಹತ್ತು ನಿಮಿಷ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟು ಹಾಕಿ. ಒಂದು ಹೊತ್ತಿನ ಅನ್ನ ಆಗುತ್ತದೆ.

ಬೂತಾಯಿಪ್ರಿಯ:
ಈ ಉಪಾಯ ನಿಜ. ನಮ್ಮ ಮನೆಯ ರಬ್ಬರ್ ಎರಡು ತಿಂಗಳಿನಿಂದ ಮೀನಿನ ಜೊತೆ ಫ್ರಿಜ್ಜಿನಲ್ಲಿ ಸಂಸಾರ ಮಾಡುತ್ತಿದೆ.

ಗಲ್ಲಾಪೆಟ್ಟಿಗೆ:
ನಾನು ಇಲ್ಲಿ ಓದುವವನು, ಬರೆಯುವವನಲ್ಲ. ಆದರೆ ಉಡುಪಿ ಕಡೆ ಇಪ್ಪತ್ತೆರಡು ವರ್ಷದಿಂದ ಪಾತ್ರೆ ಮತ್ತು ಸ್ಟೀಲ್ ಸಾಮಾನಿನ ಅಂಗಡಿ ಇಟ್ಟುಕೊಂಡವನು. ಆದ್ದರಿಂದ ಇವತ್ತು ಬರೆಯದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ತಲೆ ಎತ್ತದೆ ಮಾತನಾಡಿದ್ದು ತಪ್ಪು, ಒಪ್ಪಿದೆ. ನಮ್ಮವರ ಪರವಾಗಿ ನಾನು ಅದಕ್ಕೆ ಸಮರ್ಥನೆ ಕೊಡುವುದಿಲ್ಲ. ಆದರೆ ಆ ಬೋರ್ಡಿನ ಕಥೆ ಕೇಳಿ. ನನ್ನ ಅಂಗಡಿಯಲ್ಲಿಯೂ ಅದು ಉಂಟು. ಮೊದಲ ಹತ್ತು ವರ್ಷ ಇರಲಿಲ್ಲ. ಒಂದು ದಿನ ಒಬ್ಬರು ನಾಲ್ಕು ತಟ್ಟೆಯ ದೊಡ್ಡ ಇಡ್ಲಿ ಪಾತ್ರೆ ಕೊಂಡುಹೋದರು. ಎರಡು ದಿನ ಬಿಟ್ಟು ತಂದರು, "ನಮ್ಮ ಒಲೆಗೆ ದೊಡ್ಡದಾಯಿತು" ಎಂದರು. ಪೆಟ್ಟಿಗೆ ಸರಿಯಾಗಿಯೇ ಇತ್ತು, ಅಂಟು ಪಟ್ಟಿಯನ್ನೂ ಜಾಣತನದಿಂದ ಮತ್ತೆ ಹಚ್ಚಿದ್ದರು. ನಾನು ಹಣ ಎಣಿಸಿ ಕೊಟ್ಟೆ. ಅವರು ಹೋದ ಮೇಲೆ ತಟ್ಟೆ ತಿರುಗಿಸಿ ನೋಡಿದರೆ ಗುಳಿಗಳ ಅಡಿಯ ಸಣ್ಣ ತೂತುಗಳಲ್ಲಿ ಹಿಟ್ಟು ಒಣಗಿ ಬಿಳಿಯಾಗಿ ಕಚ್ಚಿಕೊಂಡಿತ್ತು. ಮನೆಯಲ್ಲಿ ಪೂಜೆ ಇತ್ತಂತೆ, ನೂರು ಜನರಿಗೆ ಇಡ್ಲಿ ಆಗಿತ್ತಂತೆ, ಆಮೇಲೆ ಗೊತ್ತಾಯಿತು. ಬಾಡಿಗೆ ಉಳಿಸಿದರು. ಆ ಪಾತ್ರೆ ಈಗ ನಮ್ಮ ಮನೆಯಲ್ಲಿದೆ. ಬೋರ್ಡು ಮರುದಿನ ಬಂತು.

ಇನ್ನೊಂದು ಜಾತಿಯವರು ಬಾಣಲೆಯನ್ನು ಕೈಗೆತ್ತಿ, ತಟ್ಟಿ, ಹಿಡಿಕೆ ಅಲ್ಲಾಡಿಸಿ, ಅಡಿಯಲ್ಲಿರುವ ನಂಬರಿನ ಫೋಟೋ ತೆಗೆದುಕೊಂಡು, "ಮನೆಯಲ್ಲಿ ಕೇಳಿ ಬರುತ್ತೇನೆ" ಎನ್ನುತ್ತಾರೆ. ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಆನ್‌ಲೈನಿನಲ್ಲಿ ಎಂಬತ್ತು ರೂಪಾಯಿ ಕಡಿಮೆ. ಆದರೆ ಆರು ತಿಂಗಳಲ್ಲಿ ಅದೇ ಬಾಣಲೆಯ ಹಿಡಿಕೆ ಸಡಿಲವಾದಾಗ ಬರುತ್ತಾರೆ, ಸ್ಕ್ರೂ ಕೇಳಿಕೊಂಡು! ನಾನು ಡಬ್ಬಿ ಸುರಿದು ಹುಡುಕಿ ಕೊಡುತ್ತೇನೆ. ದುಡ್ಡು ಕೇಳಿದರೆ, "ಒಂದು ಸ್ಕ್ರೂಗೆ ದುಡ್ಡಾ?" ಎಂಬ ಪ್ರಶ್ನೆ.

ಸಾಲದ ಪುಸ್ತಕದ ಬಗ್ಗೆ ಬರೆದರೆ ಪುಟ ಸಾಲದು. 2020ರಲ್ಲಿ ಎಲ್ಲ ಮುಚ್ಚಿದ್ದಾಗ ಬರೆದಿಟ್ಟು ಕೊಟ್ಟದ್ದು ಇನ್ನೂ ಬಾಕಿ ಉಂಟು. ಆರು ಸಾವಿರ ಬಾಕಿ ಇಟ್ಟ ಒಬ್ಬರು ಈಗ ನನ್ನ ಅಂಗಡಿಯ ಎದುರಿನಿಂದ ಹೋಗುವುದಿಲ್ಲ, ಹಿಂದಿನ ಓಣಿಯಿಂದ ಸುತ್ತು ಹಾಕಿ ಹೋಗುತ್ತಾರೆ. ನನಗೆ ಹಣಕ್ಕಿಂತ ಅವರ ನಡಿಗೆ ನೋಡಿ ಬೇಸರ. ಮೊಣಕಾಲು ನೋವಿನವರು.

ಕದ್ರಿ ಗುಡ್ಡ:
ಮೊಣಕಾಲು ನೋವಿನವರು ಎಂದು ಬರೆದಿರಲ್ಲ, ಅಲ್ಲಿ ನನಗೆ ನಗು ಬಂತು, ಪಾಪವೂ ಎನಿಸಿತು.

ಕಲ್ಸಂಕದ ಕಾಯಂ ಗಿರಾಕಿ:
ಗಲ್ಲಾಪೆಟ್ಟಿಗೆಯವರೇ, ಒಬ್ಬರು ಇಡ್ಲಿ ಬೇಯಿಸಿ ತಂದರೆಂದು ಉಳಿದ ಸಾವಿರ ಮಂದಿಗೆ ಬೋರ್ಡು ತೋರಿಸುವುದು ಯಾವ ನ್ಯಾಯ? ಹಣ ಕೊಡುವುದು ಬೇಡ, ಬದಲಿ ರಬ್ಬರ್ ಕೊಡಬಹುದಿತ್ತಲ್ಲ?

ಗಲ್ಲಾಪೆಟ್ಟಿಗೆ:
ನಾನಾಗಿದ್ದರೆ ಕೊಡುತ್ತಿದ್ದೆ. ಬೋರ್ಡು ಇರುವುದು ಹೆದರಿಸಲಿಕ್ಕೆ, ಎಲ್ಲರ ಮೇಲೆ ಪ್ರಯೋಗಿಸಲಿಕ್ಕಲ್ಲ.

ಲೆಕ್ಕದ ಮೇಷ್ಟ್ರು:
ಕಾನೂನಿನಲ್ಲಿ "ಹೆದರಿಸಲಿಕ್ಕೆ ಬೋರ್ಡು" ಎಂಬ ವಿಭಾಗ ಇಲ್ಲ.

ಹಾವೇರಿಯಿಂದ ಬಂದವಳು:
ಮಣಿಪಾಲದಲ್ಲಿ ಕೆಲಸ, ಮೂರು ವರ್ಷವಾಯಿತು. ನನಗೆ ಮೊದಲ ತಿಂಗಳು ಇಲ್ಲಿಯ ಎಲ್ಲ ಅಂಗಡಿಯವರೂ ಸಿಟ್ಟಿನಲ್ಲಿದ್ದಾರೆ ಎಂದೇ ಅನಿಸಿತ್ತು. ಒಳಗೆ ಕಾಲಿಟ್ಟರೆ "ಎಂಥ?" ಎಂದು ಕೇಳುತ್ತಾರೆ. ನಮ್ಮ ಕಡೆ ಹಾಗೆ ಕೇಳಿದರೆ ಜಗಳಕ್ಕೆ ಕರೆದ ಹಾಗೆ. "ಬರ್ರಿ, ಕುಂದರ್ರಿ" ಎನ್ನುವ ಊರಿನವಳು ನಾನು. ಇಲ್ಲಿ ಸಾಮಾನು ಇಲ್ಲದಿದ್ದರೆ "ಇಲ್ಲ" ಎನ್ನುತ್ತಾರೆ, ಅಷ್ಟೇ. ಯಾವಾಗ ಬರುತ್ತದೆ, ಪಕ್ಕದ ಅಂಗಡಿಯಲ್ಲಿ ಸಿಗುತ್ತದೆಯೇ, ಏನೂ ಇಲ್ಲ. ಇನ್ನೊಂದು ಕಷ್ಟ: ನಾನು ಕನ್ನಡದಲ್ಲಿ ಕೇಳಿದರೆ ಕೆಲವರು ಹಿಂದಿಯಲ್ಲಿ ಉತ್ತರಿಸುತ್ತಾರೆ. ಆಮೇಲೆ ತಮ್ಮತಮ್ಮಲ್ಲಿ ತುಳುವಿನಲ್ಲಿ ಮಾತನಾಡಿಕೊಳ್ಳುತ್ತಾರೆ. ನನ್ನ ಬಗ್ಗೆಯೇ ಏನೋ ಹೇಳಿದರು, ಬೆಲೆ ಏರಿಸಿದರು ಎಂಬ ಅನುಮಾನ ಬರುವುದು ಸಹಜವಲ್ಲವೇ?

ಬೂತಾಯಿಪ್ರಿಯ:
ಅಕ್ಕಾ, ಶೇಕಡಾ ತೊಂಬತ್ತು ಸಲ ಅವರು "ಆ ಪೆಟ್ಟಿಗೆ ಎಲ್ಲಿಟ್ಟೆ" ಎಂದು ಕೇಳುತ್ತಿರುತ್ತಾರೆ. "ಎಂಥ" ಎಂದರೆ ನಮಗೆ "ಏನು" ಅಷ್ಟೇ, ಅದರಲ್ಲಿ ಸಿಟ್ಟು ಇಲ್ಲ. ತುಳುವಿನ "ದಾನೆ ಬೋಡು" ಎಂಬುದನ್ನು ಕನ್ನಡಕ್ಕೆ ತಂದದ್ದು ಹಾಗೆ ಆಗಿದೆ.

ಕದ್ರಿ ಗುಡ್ಡ:
ಹಿಂದಿಯ ವಿಷಯದಲ್ಲಿ ಮಾತ್ರ ಅಕ್ಕನ ದೂರು ಸರಿ. ಮಣಿಪಾಲದಲ್ಲಿ ಮುಖ ಹೊಸದಾಗಿ ಕಂಡರೆ ಸಾಕು, ಹಿಂದಿ ಹೊರಡುತ್ತದೆ. ನನಗೂ ಹಾಗೆ ಆಗಿದೆ, ನಾನು ಹುಟ್ಟಿದ್ದು ಕದ್ರಿಯಲ್ಲಿ! ತುಳುವಿನಲ್ಲಿ ತಿರುಗಿ ಕೇಳಿದ ಮೇಲೆ ಅಂಗಡಿಯ ಹುಡುಗ ಒಡಿಶಾದವನು ಎಂದು ಗೊತ್ತಾಯಿತು. ಪಾಪ, ಅವನಿಗೆ ಬರುವುದೇ ಅದು.

ಹಾವೇರಿಯಿಂದ ಬಂದವಳು:
ಈಗ ಅಭ್ಯಾಸವಾಗಿದೆ ಬಿಡಿ. ನಮ್ಮ ಓಣಿಯ ದಿನಸಿ ಅಂಗಡಿಯ ಅಮ್ಮ ಮೊದಲ ವರ್ಷ ನಗಲೇ ಇಲ್ಲ. ಡೆಂಗ್ಯೂ ಬಂದು ನಾನು ವಾರ ಹೊರಗೆ ಹೋಗದಿದ್ದಾಗ ಬಾಗಿಲು ತಟ್ಟಿ ಗಂಜಿ ತಂದುಕೊಟ್ಟವರು ಅವರೇ. ಆಗಲೂ ನಗಲಿಲ್ಲ. "ಎಂಥ, ಹೇಳಲಿಕ್ಕಾಗುವುದಿಲ್ಲವಾ?" ಎಂದು ಬೈದು ಹೋದರು.

ಮಣ್ಣಗುಡ್ಡೆ ಅಡುಗೆಮನೆ:
ಇದು ನಮ್ಮ ಊರು.

ಬೂತಾಯಿಪ್ರಿಯ:
ಸೇವೆ ಎಂದರೆ ಏನೆಂದು ನೋಡಬೇಕಾದರೆ ಮೀನು ಮಾರುವ ಅಕ್ಕಂದಿರ ಹತ್ತಿರ ಹೋಗಿ. ಕಿವಿರು ಎತ್ತಿ ಕೆಂಪು ತೋರಿಸುತ್ತಾರೆ. "ಇವತ್ತು ಬಂಗುಡೆ ಬೇಡ, ಐಸಿನದ್ದು" ಎಂದು ತಮ್ಮ ಮಾಲನ್ನು ತಾವೇ ಬೇಡವೆನ್ನುತ್ತಾರೆ, ಕಾಯಂ ಗಿರಾಕಿಯಾದರೆ ಮಾತ್ರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯದ ಕಾಲದಲ್ಲಿ ದರ ಕೇಳಿದರೆ ಎದೆ ಒಡೆಯುತ್ತದೆ. ಆಗಲೂ ಮನೆಯಲ್ಲಿ ಮಗು ಉಂಟು ಎಂದರೆ ಎರಡು ಬೂತಾಯಿ ಕೊಸರು ಹಾಕುತ್ತಾರೆ. ಆನ್‌ಲೈನಿನಲ್ಲಿ ಕೊಸರು ಉಂಟೋ?

ಕಲ್ಸಂಕದ ಕಾಯಂ ಗಿರಾಕಿ:
ಕೊಸರು ಹಾಕುವವರ ತಕ್ಕಡಿಯನ್ನು ಮೊದಲು ನೋಡಿ.

ಬೂತಾಯಿಪ್ರಿಯ:
ನೀವು ಯಾರನ್ನಾದರೂ ನಂಬುತ್ತೀರೋ?

ಕಲ್ಸಂಕದ ಕಾಯಂ ಗಿರಾಕಿ:
ತಕ್ಕಡಿಯನ್ನು. ಮುದ್ರೆ ಇದ್ದರೆ.

ಲೆಕ್ಕದ ಮೇಷ್ಟ್ರು:
ಅದಾದರೂ ಸರಿಯಾದ ಮಾತು. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಸತ್ಯಾಪನೆ ವರ್ಷಕ್ಕೊಮ್ಮೆ ಆಗಬೇಕು. ಹಾಗೆಯೇ, ತಂಪು ಪಾನೀಯದ ಬಾಟಲಿಗೆ "ಫ್ರಿಜ್ಜಿನ ಖರ್ಚು" ಎಂದು ಎರಡು ರೂಪಾಯಿ ಹೆಚ್ಚು ತೆಗೆದುಕೊಳ್ಳುವವರಿದ್ದಾರೆ. ಗರಿಷ್ಠ ಮಾರಾಟ ಬೆಲೆಯಲ್ಲಿ ತೆರಿಗೆಯೂ ಸೇರಿದೆ, ಅದರ ಮೇಲೆ ಒಂದು ಪೈಸೆಯನ್ನೂ ಕೇಳುವಂತಿಲ್ಲ. ಚೀಲದ ದುಡ್ಡಿನ ಬಗ್ಗೆ 2019ರಲ್ಲಿ ಚಂಡೀಗಢದ ಗ್ರಾಹಕ ವೇದಿಕೆಯ ತೀರ್ಪು ನೆನಪಿಸಿಕೊಳ್ಳಿ: ಮೂರು ರೂಪಾಯಿಯ ಕಾಗದದ ಚೀಲಕ್ಕಾಗಿ ಪಾದರಕ್ಷೆ ಕಂಪನಿಯೊಂದು ಒಂಬತ್ತು ಸಾವಿರ ರೂಪಾಯಿ ಕಟ್ಟಬೇಕಾಯಿತು.

ಸ್ಟೇಟ್‌ಬ್ಯಾಂಕ್ ಬಸ್ಸು:
ಚಿಲ್ಲರೆ ಬದಲು ಚಾಕಲೇಟ್ ಕೊಡುವವರ ಮೇಲೆ ಯಾವ ತೀರ್ಪು ಉಂಟು ಮೇಷ್ಟ್ರೇ? ನನ್ನ ಅಂಗಿಯ ಜೇಬಿನಲ್ಲಿ ಈಗ ಏಳು ಚಾಕಲೇಟ್ ಇವೆ, ಸೆಕೆಗೆ ಎಲ್ಲ ಒಂದಾಗಿವೆ. ಒಮ್ಮೆ ಅದೇ ಅಂಗಡಿಗೆ ಐದು ಚಾಕಲೇಟ್ ಒಯ್ದು ಬೆಂಕಿಪೆಟ್ಟಿಗೆ ಕೇಳಿದೆ. ಮಾಲೀಕರು ನಕ್ಕರು, ಆದರೆ ತೆಗೆದುಕೊಳ್ಳಲಿಲ್ಲ. ಹತ್ತು ರೂಪಾಯಿಯ ನಾಣ್ಯದ್ದು ಇನ್ನೊಂದು ಗೋಳು. ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿಯೇ ಹೇಳಿದೆ. ನಮ್ಮ ಅಂಗಡಿಯವರು ಮಾತ್ರ ಹತ್ತು ಗೆರೆ, ಹದಿನೈದು ಗೆರೆ ಎಂದು ಲೆಕ್ಕ ಹಾಕುತ್ತಾ ಕುಳಿತಿದ್ದಾರೆ. ಸಿಟಿ ಬಸ್ಸಿನ ನಿರ್ವಾಹಕರಂತೂ...

ಕದ್ರಿ ಗುಡ್ಡ:
ಬಸ್ಸಿನ ಸುದ್ದಿ ಎತ್ತಿದಿರಾ! ಎರಡು ರೂಪಾಯಿ "ಇಳಿಯುವಾಗ ಕೊಡುತ್ತೇನೆ" ಎಂದು ನಿಮ್ಮ ನಿಲ್ದಾಣ ಬಂದಾಗ ಹಿಂದಿನ ಬಾಗಿಲಿಗೆ ಹೋಗಿ ನಿಲ್ಲುವ ಕಲೆ...

ಚರ್ಚೆ ನೋಡಿಕೊಳ್ಳುವವರು:
ಬಸ್ಸಿಗೆ ಬೇರೆ ಚರ್ಚೆ ಇದೆ, ನಾನೂರು ಉತ್ತರ ಆಗಿದೆ, ಅಲ್ಲಿಗೆ ಹೋಗಿ. ಇಲ್ಲಿ ಅಂಗಡಿ ಮಾತ್ರ.

ಸ್ಟೇಟ್‌ಬ್ಯಾಂಕ್ ಬಸ್ಸು:
ಆಯಿತು, ಇಳಿದೆ. ಆ ಎರಡು ರೂಪಾಯಿ ಮಾತ್ರ ಬಾಕಿ.

ನಿವೃತ್ತ ಗುಮಾಸ್ತ:
ನಾನು ಬ್ಯಾಂಕಿನಲ್ಲಿದ್ದವನು, ಆದ್ದರಿಂದ ಸ್ವಲ್ಪ ದಾರಿ ತಪ್ಪುತ್ತೇನೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ ದಿನಕ್ಕೆ ಎರಡಾಣೆ ಉಳಿಸಿದರೂ ಸಾಕಿತ್ತು. ಆ ಎರಡಾಣೆಗಾಗಿ ಬ್ಯಾಂಕಿನ ಏಜೆಂಟ್ ಮನೆಬಾಗಿಲಿಗೆ ಬರುತ್ತಿದ್ದ. ನನ್ನ ಕಾಲದಲ್ಲಿಯೂ ರಥಬೀದಿಯ ಹೂವಿನವರ ಹತ್ತಿರ ಪಿಗ್ಮಿಯವನು ಸಂಜೆ ಹೋಗಿ ನಿಂತರೆ, ಅವರು ಮಲ್ಲಿಗೆಯ ಚೆಂಡು ಅಳೆಯುತ್ತಲೇ ದುಡ್ಡು ಎತ್ತಿ ಕೊಡುತ್ತಿದ್ದರು. ನಾಲ್ಕು ಚೆಂಡು ಸೇರಿ ಒಂದು ಅಟ್ಟೆ, ಆ ಲೆಕ್ಕ ಅವರಿಗೆ ತಪ್ಪಿದ್ದೇ ಇಲ್ಲ. 2020ರ ಏಪ್ರಿಲ್ 1ರಂದು ಆ ಬ್ಯಾಂಕಿನ ಹೆಸರು ಕೆನರಾದೊಳಗೆ ಸೇರಿಹೋಯಿತು. ಈಗ ಪಾಸ್‌ಬುಕ್ ಮುದ್ರಿಸುವ ಯಂತ್ರದ ಎದುರು ನಾನೇ ಸಾಲು ನಿಲ್ಲುತ್ತೇನೆ, ಯಂತ್ರವೂ ತಲೆ ಎತ್ತುವುದಿಲ್ಲ.

ಕಲ್ಸಂಕದ ಕಾಯಂ ಗಿರಾಕಿ:
ಹಿರಿಯರೇ, ಅದೂ ವ್ಯಾಪಾರವೇ ಆಗಿತ್ತಲ್ಲವೇ? ಠೇವಣಿ ಬೇಕಿತ್ತು, ಬಂದರು.

ನಿವೃತ್ತ ಗುಮಾಸ್ತ:
ವ್ಯಾಪಾರವೇ. ಯಾರು ಅಲ್ಲವೆಂದರು? ವ್ಯಾಪಾರ ಬೇಕಾದವನು ಮನೆಗೆ ಬರುತ್ತಿದ್ದ ಎಂದೇ ನಾನು ಹೇಳುತ್ತಿರುವುದು.

ಕದ್ರಿ ಗುಡ್ಡ:
ಯುಪಿಐ ಬೇಡ ಎನ್ನುವ ಅಂಗಡಿಗಳ ಬಗ್ಗೆ ಯಾರೂ ಬರೆದಿಲ್ಲ. ನಮ್ಮ ಬೇಕರಿಯವರು ಸ್ಕ್ಯಾನರನ್ನು ಬಿಸ್ಕತ್ತಿನ ಡಬ್ಬಿಯ ಹಿಂದೆ ಅಡಗಿಸಿದ್ದಾರೆ. ಕಾಯಂ ಗಿರಾಕಿಗಳಿಗೆ ಮಾತ್ರ ಹೊರಗೆ ಬರುತ್ತದೆ, ದೇವರ ಉತ್ಸವಮೂರ್ತಿಯ ಹಾಗೆ.

ಗಲ್ಲಾಪೆಟ್ಟಿಗೆ:
ಅದರ ಹಿಂದೆ ಹೆದರಿಕೆ ಉಂಟು. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತಲ್ಲ, ಅಂದಿನಿಂದ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹಾಲು, ತರಕಾರಿ ಮಾರುವವನಿಗೆ ಲಾಭ ಎರಡು ಕಾಸು, ಖಾತೆಯಲ್ಲಿ ಓಡಾಡುವ ಮೊತ್ತ ಮಾತ್ರ ದೊಡ್ಡದು. ನಾನು ನೋಂದಣಿ ಮಾಡಿಸಿದ್ದೇನೆ, ಸ್ಕ್ಯಾನರ್ ಎದುರಿಗೇ ಇಟ್ಟಿದ್ದೇನೆ. ಬಿಲ್ ಕೂಡ ಕೊಡುತ್ತೇನೆ. ಹತ್ತರಲ್ಲಿ ಏಳು ಮಂದಿ ಬಿಲ್ಲನ್ನು ಅಲ್ಲಿಯೇ ಬಿಟ್ಟು ಹೋಗುತ್ತಾರೆ.

ಲೆಕ್ಕದ ಮೇಷ್ಟ್ರು:
ಬಿಟ್ಟು ಹೋಗಬೇಡಿ, ಇಟ್ಟುಕೊಳ್ಳಿ. ದೂರು ಕೊಡಬೇಕಾಗಿ ಬಂದರೆ ಅದೇ ಆಧಾರ. ಐದು ಲಕ್ಷದವರೆಗಿನ ದೂರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೇ ಇಲ್ಲ. ನೀವಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು.

ಮಣ್ಣಗುಡ್ಡೆ ಅಡುಗೆಮನೆ:
ಮೇಷ್ಟ್ರೇ, ಒಂದು ಕುಕ್ಕರ್ ರಬ್ಬರಿಗೆ ಎರಡು ವರ್ಷ ಅಲೆಯುವವರು ಯಾರು? ಅಷ್ಟರಲ್ಲಿ ಕುಕ್ಕರೇ ಇರುವುದಿಲ್ಲ. ಬಿಜೈಯವರೇ, ಹಳೆಯ ರಬ್ಬರ್ ಹಿಡಿದುಕೊಂಡು ಅದೇ ಅಂಗಡಿಗೆ ಹೋಗಿ. "ಅಣ್ಣ, ಅಳತೆ ನನ್ನದೇ ತಪ್ಪು, ಬದಲಿ ಕೊಡಿ, ಹೆಚ್ಚಾದರೆ ಹೆಚ್ಚಿನದ್ದು ಕೊಡುತ್ತೇನೆ" ಎನ್ನಿ. ನೂರಕ್ಕೆ ತೊಂಬತ್ತು ಕೊಡುತ್ತಾರೆ.

ಬಿಜೈ ನಿವಾಸಿ:
ತಪ್ಪು ನನ್ನದು ಎಂದು ನಾನೇಕೆ ಹೇಳಬೇಕು?

ಮಣ್ಣಗುಡ್ಡೆ ಅಡುಗೆಮನೆ:
ಅನ್ನ ಬೇಯಬೇಕೋ ಬೇಡವೋ?

ಗಲ್ಲಾಪೆಟ್ಟಿಗೆ:
ಮಧ್ಯಾಹ್ನ ಹೋಗಬೇಡಿ. ಬೆಳಿಗ್ಗೆ ಹತ್ತೂವರೆಗೆ ಹೋಗಿ, ಬೋಣಿ ಆಗಿರುತ್ತದೆ, ಮನಸ್ಸು ಸರಿ ಇರುತ್ತದೆ. ಬೋಣಿಗೆ ಮುಂಚೆ ವಾಪಸು ತಂದವರನ್ನು ನಾನೂ ಒಳಗೆ ಬಿಡುವುದಿಲ್ಲ.

ಹಾವೇರಿಯಿಂದ ಬಂದವಳು:
ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುವುದು ನನಗೆ ಇನ್ನೂ ಅರ್ಥವಾಗಿಲ್ಲ.

ಬೂತಾಯಿಪ್ರಿಯ:
ಗಂಜಿ, ಮೀನು ಸಾರು, ಸೆಕೆ. ಮೂರೂ ಸೇರಿದರೆ ನೀವೂ ಬಾಗಿಲು ಹಾಕುತ್ತೀರಿ.

ಬಿಜೈ ನಿವಾಸಿ:
ಎಲ್ಲರ ಮಾತು ಕೇಳಿ ಇವತ್ತು ಹೋದೆ. ಬೆಳಿಗ್ಗೆ ಕಚೇರಿಯ ಕೆಲಸ ಮುಗಿಯಲಿಲ್ಲ, ತಲುಪಿದ್ದು ಎರಡೂವರೆಗೆ. ಬಾಗಿಲು ಅರ್ಧ ಎಳೆದಿದೆ, ಒಳಗೆ ಕತ್ತಲೆ, ಫ್ಯಾನಿನ ಸದ್ದು. ಮೆಟ್ಟಿಲಿನ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಪಕ್ಕದ ಕ್ಷೌರದ ಅಂಗಡಿಯವರು "ನಾಲ್ಕಕ್ಕೆ ಬರುತ್ತಾರೆ, ಕುಳಿತುಕೊಳ್ಳಿ" ಎಂದು ಕುರ್ಚಿ ತಂದುಕೊಟ್ಟರು. ಬೊಂಡ (ಎಳನೀರು) ಬೇಕೋ ಎಂದೂ ಕೇಳಿದರು.

ಕದ್ರಿ ಗುಡ್ಡ:
ಕ್ಷೌರವನ್ನೂ ಮಾಡಿಸಿಕೊಳ್ಳಿ.

ಬಿಜೈ ನಿವಾಸಿ:
ಮಾಡಿಸಿಕೊಂಡೆ. ಈಗ ನಾಲ್ಕು ಹತ್ತು. ಪಾತ್ರೆಯವರು ಬಂದರು, ಈ ಸಲ ತಲೆ ಎತ್ತಿ ನೋಡಿದರು. "ರಬ್ಬರಾ? ಹಳೆಯದು ಎಲ್ಲಿ?" ಎಂದರು.

ಮಣ್ಣಗುಡ್ಡೆ ಅಡುಗೆಮನೆ:
ಕೊಟ್ಟಿರಾ?

ಬಿಜೈ ನಿವಾಸಿ:
ಮನೆಯಲ್ಲಿ ಫ್ರಿಜ್ಜಿನಲ್ಲಿದೆ.